ಅಡುಗೆಮನೆಯ ಡಬ್ಬಿ, ಕಪಾಟಿನ ಡಬ್ಬಿ

ಮೇ ತಿಂಗಳ ಒಂದು ಸಂಜೆ, ನಾಲ್ಕು ಗಂಟೆಯ ಹೊತ್ತಿಗೆ ಫೋನ್ ಬಂತು. ಆ ಕಡೆ ಒಬ್ಬ ಹುಡುಗಿ, ಸಣ್ಣ ದನಿಯಲ್ಲಿ.

"ಡಾಕ್ಟ್ರೇ, ಅಪ್ಪನಿಗೆ ಗೊತ್ತಿಲ್ಲದೆ ಮಾಡ್ತಿದ್ದೇನೆ. ಅಜ್ಜಿ ಬೆಳಿಗ್ಗೆಯಿಂದ ಏನೇನೋ ಮಾತಾಡ್ತಿದ್ದಾರೆ. ಅಜ್ಜನಿಗೆ ಚಾ ಇಡಿ ಅಂತಾರೆ. ಬಾತ್‌ರೂಮಲ್ಲಿ ಬಿದ್ದರು. ಆಸ್ಪತ್ರೆಗೆ ಸೇರಿಸಿದ್ದೇವೆ. ಆದರೆ ಅಲ್ಲಿ ನಿಮ್ಮ ಮಾತ್ರೆಯ ವಿಷಯ ಅಪ್ಪ ಹೇಳಲಿಲ್ಲ."

ಅಜ್ಜ ತೀರಿಹೋಗಿ ಆಗ ಆರು ತಿಂಗಳಾಗಿತ್ತು. ನಾನು ಕೊಟ್ಟ ಮಾತ್ರೆ ಶುರುವಾಗಿ ಹದಿನೇಳು ದಿನ.

ನಾನು ಮುಂಬೈಯಲ್ಲಿ ಮನೋವೈದ್ಯ. ವಾರಕ್ಕೆ ಎರಡು ಸಂಜೆ ಡೊಂಬಿವ್ಲಿಯಲ್ಲಿ ಕೂರುತ್ತೇನೆ. ಅಲ್ಲಿಗೆ ಬರುವವರಲ್ಲಿ ಊರ ಕಡೆಯವರೂ ಇದ್ದಾರೆ: ಹೋಟೆಲಿನವರು, ಅವರ ಮನೆಯವರು, ಮಕ್ಕಳಿಗಾಗಿ ಊರು ಬಿಟ್ಟು ಬಂದ ಹಿರಿಯರು. ಈ ಪ್ರಕರಣವನ್ನು ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಆ ಅಜ್ಜಿಯನ್ನು ನಾನು ಅಮ್ಮ ಎಂದೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ.

ಅಮ್ಮನಿಗೆ 67 ವರ್ಷ. ಕುಂದಾಪುರದ ಹತ್ತಿರದ ಹಳ್ಳಿಯವರು. ಮದುವೆಯಾಗಿ ಮುಂಬೈಗೆ ಬಂದ ಮೇಲೆ ಭಾಂಡುಪಿನ ಚಾಳಿನ ಒಂದೇ ಕೋಣೆಯಲ್ಲಿ ಹದಿನೆಂಟು ವರ್ಷ ಸಂಸಾರ ಮಾಡಿ, ಆಮೇಲೆ ಡೊಂಬಿವ್ಲಿ ಈಸ್ಟಿನ ಬಿಲ್ಡಿಂಗಿಗೆ ಬಂದರು. ಗಂಡ ಸಾಕಿನಾಕಾದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅವರಿಗೆ ಚಾ ಮಾಡಿಕೊಡುವುದು ಅಮ್ಮನ ನಲವತ್ತು ವರ್ಷಗಳ ಅಭ್ಯಾಸ. ದೀಪಾವಳಿ ಕಳೆದ ಸ್ವಲ್ಪ ದಿನಕ್ಕೆ ಗಂಡ ಹೃದಯಾಘಾತದಿಂದ ಹೋದರು. ಅಮ್ಮ ಮಾತ್ರ ಮೂರು ಗಂಟೆಗೇ ಎಚ್ಚರವಾಗಿ, ಮಾಡಲು ಏನೂ ಇಲ್ಲದೆ ಅಡುಗೆಮನೆಯ ಕತ್ತಲೆಯಲ್ಲಿ ಕೂತಿರುತ್ತಿದ್ದರು.

ಮೊದಲ ಎರಡು ತಿಂಗಳು ಎಲ್ಲರೂ ಅದನ್ನು ದುಃಖ ಅಂದುಕೊಂಡರು. ಅದು ದುಃಖವೇ ಆಗಿತ್ತು. ದುಃಖದಲ್ಲಿರುವವರಿಗೆಲ್ಲ ಮಾತ್ರೆ ಬೇಕಿಲ್ಲ, ಈ ಮಾತನ್ನು ನಾನು ವಾರಕ್ಕೆ ಎರಡು ಸಲವಾದರೂ ಹೇಳುತ್ತಿರುತ್ತೇನೆ. ಆದರೆ ದುಃಖ ಅಲೆಯ ಹಾಗೆ ಬಂದು ಹೋಗುತ್ತದೆ. ನಡುವೆ ಮೊಮ್ಮಗಳು ಏನೋ ಅಂದರೆ ನಗು ಬರುತ್ತದೆ, ಬಂಗುಡೆ ಸಾರಿನ ವಾಸನೆಗೆ ಹಸಿವಾಗುತ್ತದೆ. ಅಮ್ಮನಿಗೆ ಅದ್ಯಾವುದೂ ಆಗುತ್ತಿರಲಿಲ್ಲ. 52 ಕಿಲೋ ಇದ್ದವರು 46ಕ್ಕೆ ಇಳಿದಿದ್ದರು. ಟಿವಿ ಮುಂದೆ ಕೂತರೂ ನೋಡುತ್ತಿರಲಿಲ್ಲ. ಶನಿವಾರದ ಭಜನೆ ಬಿಟ್ಟರು. ಎಲ್ಲಕ್ಕಿಂತ ಹೆಚ್ಚಾಗಿ, ಗಂಡ ಸತ್ತದ್ದು ತನ್ನಿಂದಲೇ ಎಂಬ ಯೋಚನೆ ಹೊಕ್ಕಿತ್ತು. ಹಿಂದಿನ ರಾತ್ರಿ ಅವರು ಎದೆಯುರಿ ಎಂದಾಗ ತಾನು ಜೀರಿಗೆ ಕಷಾಯ ಕೊಟ್ಟು ಮಲಗಿಸಿದೆ, ಅದೇ ತಪ್ಪು ಎಂದು.

ಕುಟುಂಬದ ಡಾಕ್ಟರಿಗೆ ಅವರು ಹೇಳಿದ್ದು ಮಾತ್ರ "ನೀಂದ್ ನಹೀ ಆತಾ". ಅಮ್ಮನಿಗೆ ಬರುವುದು ತರಕಾರಿ ಕೊಳ್ಳುವಷ್ಟು ಹಿಂದಿ. ನಲವತ್ತು ವರ್ಷ ಇದ್ದರೂ ಮನಸ್ಸಿನ ಮಾತಿಗೆ ಆ ಹಿಂದಿ ಸಾಲದು. ಡಾಕ್ಟರು ನಿದ್ರೆಗೆಂದು ಅಲ್ಪ್ರಾಜೋಲಾಮ್ 0.25 ಮಿಲಿಗ್ರಾಂ ಬರೆದರು. ಕೆಲವು ವಾರಕ್ಕೆಂದು ಬರೆದದ್ದು ನಾಲ್ಕು ತಿಂಗಳು ನಡೆಯಿತು.

ಏಪ್ರಿಲಿನಲ್ಲಿ ಮಗ, ಸೊಸೆ ಇಬ್ಬರೂ ಅವರನ್ನು ನನ್ನಲ್ಲಿಗೆ ಕರೆತಂದರು. ನಾನು ಕನ್ನಡದಲ್ಲಿ ಕೇಳಿದ ಕೂಡಲೇ ಅಮ್ಮ ಸೊಸೆಯ ಮುಖ ನೋಡಿದರು. ಆಮೇಲೆ ಒಂದೊಂದೇ ಮಾತು ಬಂತು.

"ಎಂತದೂ ಬ್ಯಾಡ ಅನ್ಸತ್ತ್ ಡಾಕ್ಟ್ರೇ. ಉಂಬುಕೂ ಬ್ಯಾಡ, ಮಾತಾಡುಕೂ ಬ್ಯಾಡ. ನಿದ್ರಿ ಬತ್ತಿಲ್ಲ."

ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಹೆದರಿಕೆ ಮನೆಯವರಿಗೆ ಇರುತ್ತದೆ. ಹಾಗಾಗುವುದಿಲ್ಲ. ಕೇಳಿಸಿಕೊಂಡವರಿಗೆ ಎದೆಯ ಭಾರ ಇಳಿಸಲು ಒಂದು ಜಾಗ ಸಿಗುತ್ತದೆ. ದೇವರು ಕರೆದುಕೊಂಡು ಹೋದರೆ ಸಾಕು, ತಾನಾಗಿ ಏನೂ ಮಾಡಿಕೊಳ್ಳುವುದಿಲ್ಲ, ಮೊಮ್ಮಗಳ ಮದುವೆ ನೋಡಬೇಕು ಅಂದರು. ಖಿನ್ನತೆ ಎಷ್ಟಿದೆ ಎಂದು ನೋಡುವ, ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಅಳತೆಯಲ್ಲಿ 27ಕ್ಕೆ 21 ಬಂತು. 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ ಎಂದು ಲೆಕ್ಕ. ಹಿಂದೆ ಯಾವತ್ತಾದರೂ ಇದಕ್ಕೆ ತದ್ವಿರುದ್ಧವಾಗಿ, ನಿದ್ರೆಯೇ ಬೇಡದಷ್ಟು ಉತ್ಸಾಹ, ಕೈ ಮೀರಿದ ಖರ್ಚು, ನಿಲ್ಲದ ಮಾತು ಇತ್ತೇ ಎಂದು ವಿಚಾರಿಸಿದೆ. ಇರಲಿಲ್ಲ. ಇದನ್ನು ಕೇಳದೆ ಖಿನ್ನತೆಯ ಮಾತ್ರೆ ಶುರುಮಾಡಬಾರದು. ಹೀಗೆ ಎರಡೂ ತುದಿಗೆ ಹೋಗುವ ಬೈಪೋಲಾರ್ ಕಾಯಿಲೆ ಇದ್ದವರಿಗೆ ಈ ಮಾತ್ರೆಯೊಂದನ್ನೇ ಕೊಟ್ಟರೆ ಮನಸ್ಸು ಆ ಇನ್ನೊಂದು ತುದಿಗೆ ಜಿಗಿಯಬಹುದು.

"ಬೇರೆ ಏನಾದರೂ ಔಷಧಿ ತಗೊಳ್ತೀರಾ ಅಮ್ಮ?"

ನಿದ್ರೆಯ ಮಾತ್ರೆಯ ಚೀಟಿಯನ್ನು ಮಗ ತೋರಿಸಿದರು. ಅಮ್ಮ "ಮತ್ತೆಂತ ಇಲ್ಲ" ಅಂದರು. ಬಿಪಿ ನೋಡಿದೆ, 130/80. ಚೆನ್ನಾಗಿದೆ ಎಂದು ಬರೆದುಕೊಂಡೆ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ಪರೀಕ್ಷೆ ಮಾಡಿಸಿದೆ. ಎಲ್ಲವೂ ಸರಿ ಬಂದವು. ರಕ್ತದ ಸೋಡಿಯಂ, ಅಂದರೆ ಉಪ್ಪಿನ ಅಂಶದ ಪರೀಕ್ಷೆ, ಬರೆಯಲಿಲ್ಲ. 65 ದಾಟಿದ, ತೂಕ ಇಳಿದ, ಸರಿಯಾಗಿ ಊಟ ಮಾಡದ ಹೆಂಗಸಿಗೆ ನಾನು ಕೊಡಲಿದ್ದ ಮಾತ್ರೆಗೆ ಮೊದಲು ಅದನ್ನು ಬರೆಯಲೇಬೇಕಿತ್ತು.

ಖಿನ್ನತೆಗೆ ಎಸಿಟಲೋಪ್ರಾಮ್ ಎಂಬ ಮಾತ್ರೆ ಬರೆದೆ. ಒಂದು ವಾರ 5 ಮಿಲಿಗ್ರಾಂ, ಆಮೇಲೆ 10. ಆ ವಯಸ್ಸಿನವರಿಗೆ 10 ದಾಟಿಸುವುದಿಲ್ಲ, ದೊಡ್ಡ ಪ್ರಮಾಣದಲ್ಲಿ ಅದು ಹೃದಯದ ಬಡಿತದ ಲಯವನ್ನು ಏರುಪೇರು ಮಾಡಬಹುದು. ಮೊದಲ ವಾರ ಹೊಟ್ಟೆ ತೊಳಸಿದ ಹಾಗೆ, ತಲೆ ಭಾರ, ಸ್ವಲ್ಪ ಚಡಪಡಿಕೆ ಆಗಬಹುದು ಎಂದು ಹೇಳಿದೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ತಿಳಿಯಲು ಆರರಿಂದ ಎಂಟು ವಾರ. ತೊಂದರೆ ಮೊದಲು ಬಂದು ಗುಣ ಆಮೇಲೆ ಬರುವ ಔಷಧಿ ಇದು. ಬಹಳ ಜನ ಇದನ್ನು ಹತ್ತನೇ ದಿನಕ್ಕೇ ಬಿಟ್ಟುಬಿಡುವುದು ಅದಕ್ಕೇ. ಮಾತ್ರೆಗಳನ್ನು ಸೊಸೆಯೇ ಇಟ್ಟುಕೊಂಡು ದಿನದ್ದು ದಿನ ಕೊಡಲಿ ಅಂದೆ. ಮನಸ್ಸು ಹಗುರಾಗುವ ಮೊದಲೇ ಮೈಗೆ ಚೈತನ್ಯ ಬರುವ ದಿನಗಳಿರುತ್ತವೆ, ಆ ದಿನಗಳಲ್ಲಿ ಸಾವಿನ ಯೋಚನೆಯ ಮೇಲೆ ಕಣ್ಣಿರಬೇಕು. ಇಪ್ಪತ್ತೈದರ ಒಳಗಿನವರಲ್ಲಂತೂ ಶುರುವಿನ ವಾರಗಳಲ್ಲಿ ಇನ್ನೂ ಹೆಚ್ಚಿನ ನಿಗಾ ಬೇಕು.

ಸೊಸೆ ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದರು. ಮಾತ್ರೆಯನ್ನು ಗೋದ್ರೆಜ್ ಕಪಾಟಿನಲ್ಲಿ, ಸೀರೆಗಳ ಕೆಳಗೆ, ಒಂದು ಹಳೆಯ ಸಿಹಿತಿಂಡಿ ಡಬ್ಬಿಯಲ್ಲಿಟ್ಟು ಬೀಗ ಹಾಕಿದರು. ಬೀಗಕ್ಕೆ ಇನ್ನೊಂದು ಕಾರಣವೂ ಇತ್ತೆಂದು ನನಗೆ ಗೊತ್ತಾದದ್ದು ಆಮೇಲೆ. ಮೊಮ್ಮಗಳಿಗೆ ಸಂಬಂಧ ನೋಡುತ್ತಿದ್ದರು. ಬಿಲ್ಡಿಂಗಿನಲ್ಲಿ ಊರಿನವರದೇ ನಾಲ್ಕು ಮನೆ. "ಅಜ್ಜಿಗೆ ತಲೆ ಸರಿ ಇಲ್ವಂತೆ" ಎಂಬ ಒಂದು ಮಾತು ಲೋಕಲ್ ಟ್ರೇನಿಗಿಂತ ಬೇಗ ಮಾಟುಂಗಾ ಮುಟ್ಟಿ, ಮತ್ಸ್ಯಗಂಧಾ ರೈಲು ಹತ್ತಿ ಊರಿಗೆ ಹೋಗುತ್ತದೆ ಎಂಬ ಭಯ.

ಇನ್ನೊಂದು ಡಬ್ಬಿ ಅಡುಗೆಮನೆಯಲ್ಲಿತ್ತು, ಚಾಪುಡಿಯ ಪಕ್ಕ, ಎಲ್ಲರ ಕಣ್ಣೆದುರಿಗೆ. ಅದರಲ್ಲಿ ಬಿಪಿ ಮಾತ್ರೆ. ಹನ್ನೊಂದು ವರ್ಷಗಳಿಂದ ಅಮ್ಮ ಬೆಳಿಗ್ಗೆ ಚಾದ ಜೊತೆ ಒಂದು ನುಂಗುತ್ತಿದ್ದರು. ಹಳೆಯ ಸ್ಟ್ರಿಪ್ ತೋರಿಸಿದರೆ ಕೆಳಗಿನ ಮೆಡಿಕಲ್‌ನವರು ಹೊಸದು ಕೊಡುತ್ತಿದ್ದರು, ಚೀಟಿ ಯಾವತ್ತೋ ಹರಿದುಹೋಗಿತ್ತು. ನಾನು ನೋಡಿದ 130/80 ಆ ಮಾತ್ರೆಯ ಕೃಪೆ. ಅಮ್ಮ ನನಗೆ ಸುಳ್ಳು ಹೇಳಿರಲಿಲ್ಲ. ಆಮೇಲೆ ಕೇಳಿದಾಗ ಅವರು ಅಂದದ್ದು: "ಅದ್ ಔಷಧಿ ಅಲ್ದಲೆ ಡಾಕ್ಟ್ರೇ, ಪ್ರೆಶರಿನ ಮಾತ್ರಿ. ದಿನಾ ತಕಂಬುದ್." ಸೀಕು ಬಂದಾಗ ತೆಗೆದುಕೊಳ್ಳುವುದು ಔಷಧಿ. ದಿನಾ ತೆಗೆದುಕೊಳ್ಳುವುದು ಉಪ್ಪು, ನೀರು, ಚಾದ ಸಾಲಿಗೆ ಸೇರಿಬಿಟ್ಟಿತ್ತು. ಪ್ರಶ್ನೆ ತಪ್ಪಾಗಿದ್ದು ನನ್ನದು.

ಆ ಸಂಜೆ ಮೊಮ್ಮಗಳಿಗೆ ನಾನು ಹೇಳಿದ್ದು ಒಂದೇ: ಮನೆಗೆ ಹೋಗು ಮಗಾ, ಅಜ್ಜಿಯ ಬಾಯಿಗೆ ಹೋಗುವ ಪ್ರತಿಯೊಂದು ಮಾತ್ರೆ, ಪುಡಿ, ಎಣ್ಣೆ ಎಲ್ಲವನ್ನೂ ಮೇಜಿನ ಮೇಲೆ ಹರವಿ ಫೋಟೋ ಕಳಿಸು. ಅರ್ಧ ಗಂಟೆಯಲ್ಲಿ ಫೋಟೋ ಬಂತು. ಎರಡು ಡಬ್ಬಿ ಒಂದೇ ಮೇಜಿನ ಮೇಲೆ ಬಂದದ್ದು ಅದೇ ಮೊದಲು. ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್, ಹೆಸರಿನ ಕೊನೆಗೆ ಒಂದು "ಎಚ್" ಅಕ್ಷರ. ಆ ಎಚ್ ಎಂದರೆ ಹೈಡ್ರೋಕ್ಲೋರೋಥಯಾಜೈಡ್, ಮೂತ್ರದ ಜೊತೆ ಉಪ್ಪನ್ನು ಹೊರಗೆ ಹಾಕುವ ಔಷಧಿ.

ಅಮ್ಮನಿಗೆ ಏನಾಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಎಸಿಟಲೋಪ್ರಾಮ್, ಸರ್ಟ್ರಾಲಿನ್, ಫ್ಲೂಆಕ್ಸೆಟಿನ್ ಮೊದಲಾದವು ಒಂದೇ ಗುಂಪಿನ ಮಾತ್ರೆಗಳು. ಕೆಲವರಲ್ಲಿ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ, ಇವು ದೇಹ ನೀರನ್ನು ಹಿಡಿದಿಟ್ಟುಕೊಳ್ಳುವ ಹಾಗೆ ಮಾಡುತ್ತವೆ. ಮೂತ್ರಪಿಂಡ ನೀರನ್ನು ಬಿಡುವುದಿಲ್ಲ, ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ಸಾಮಾನ್ಯವಾಗಿ ಇದು ಕಾಣುವುದು ಮೊದಲ ಎರಡು–ನಾಲ್ಕು ವಾರಗಳಲ್ಲಿ. ಆ ಕಡೆಯಿಂದ ಬಿಪಿ ಮಾತ್ರೆಯೊಳಗಿನ ಥಯಾಜೈಡ್, ಮೈಯಲ್ಲಿದ್ದ ಉಪ್ಪನ್ನೂ ಹೊರಗೆ ಕಳಿಸುತ್ತಿತ್ತು. ಇದರ ಮೇಲೆ ಮನೆಯ ಊಟ. ಹಸಿವಿಲ್ಲವೆಂದು ಅಮ್ಮ ತಿಂಗಳುಗಟ್ಟಲೆ ಎರಡು ಹೊತ್ತೂ ಗಂಜಿಯೇ ಕುಡಿಯುತ್ತಿದ್ದರು. ಬಿಪಿ ಎಂದು ಸೊಸೆ ಉಪ್ಪಿನಕಾಯಿ, ಹಪ್ಪಳ, ಒಣಮೀನು ನಿಲ್ಲಿಸಿದ್ದರು. ಮೇ ತಿಂಗಳ ಡೊಂಬಿವ್ಲಿಯ ಸೆಕೆಗೆ, ಸುಸ್ತು ಹೋಗಲಿ ಎಂದು ಮಗ ದಿನಕ್ಕೆ ಮೂರು–ನಾಲ್ಕು ಲೀಟರ್ ನೀರು ಕುಡಿಸುತ್ತಿದ್ದರು. ಒಂದೊಂದೂ ಪ್ರೀತಿಯಿಂದ ಮಾಡಿದ್ದು. ಆಸ್ಪತ್ರೆಯಲ್ಲಿ ಬಂದ ಸೋಡಿಯಂ 119. ಇರಬೇಕಾದ್ದು 135ರಿಂದ 145.

ಮಗನಿಗೆ ಇದನ್ನು ಮರುದಿನ ಹೇಳಿದಾಗ ಅವರು ಒಂದೇ ಮಾತಿನಲ್ಲಿ ಹಿಡಿದರು. ಅವರೂ ಹೋಟೆಲಿನವರು. "ಅಂದರೆ ಸಾಂಬಾರಿಗೆ ನೀರು ಜಾಸ್ತಿ ಬಿದ್ದ ಹಾಗೆ" ಅಂದರು. ಹೌದು. ಜೊತೆಗೆ ಇನ್ನೊಂದು ಕಡೆಯಿಂದ ಯಾರೋ ಉಪ್ಪನ್ನು ಸೋಸಿ ತೆಗೆಯುತ್ತಿದ್ದ ಹಾಗೆ. ಮಿದುಳಿನ ಕೋಶಗಳು ಆ ತೆಳುವಾದ ರಕ್ತದಿಂದ ನೀರು ಹೀರಿ ಊದಿಕೊಳ್ಳುತ್ತವೆ. ಮೊದಲು ಸುಸ್ತು, ವಾಕರಿಕೆ, ತಲೆನೋವು, ನಡಿಗೆಯಲ್ಲಿ ತೂರಾಟ. ಆಮೇಲೆ ಗೊಂದಲದ ಮಾತು. ಇನ್ನೂ ಇಳಿದರೆ ಫಿಟ್ಸ್, ಪ್ರಜ್ಞೆ ತಪ್ಪುವುದು. ಮೊದಲ ನಾಲ್ಕು ಲಕ್ಷಣಗಳು ಅಮ್ಮನಿಗೆ ನಾಲ್ಕು ದಿನ ಮೊದಲೇ ಬಂದಿದ್ದವು. "ಮಾತ್ರೆ ಶುರುವಾದಾಗ ಹೀಗೆ ಆಗುತ್ತದೆ ಎಂದು ಡಾಕ್ಟರು ಹೇಳಿದ್ದಾರಲ್ಲ" ಎಂದು ಮನೆಯವರು ಸುಮ್ಮನಿದ್ದರು. ಮೊದಲ ವಾರದ ವಾಕರಿಕೆ ಕಡಿಮೆಯಾಗುತ್ತಾ ಹೋಗಬೇಕು, ಎರಡನೇ–ಮೂರನೇ ವಾರದಲ್ಲಿ ಹೊಸದಾಗಿ ಬಂದರೆ ಅಥವಾ ಹೆಚ್ಚಾದರೆ ಅದೇ ದಿನ ಫೋನ್ ಮಾಡಿ ಎಂದು ನಾನು ಬಿಡಿಸಿ ಹೇಳಿರಲಿಲ್ಲ.

ಆಸ್ಪತ್ರೆಯ ವೈದ್ಯರಿಗೂ ಅರ್ಧ ಚಿತ್ರವೇ ಸಿಕ್ಕಿತ್ತು. ನನಗೆ ಕಪಾಟಿನ ಡಬ್ಬಿ ಮಾತ್ರ ಗೊತ್ತಿತ್ತು, ಅವರ ಮುಂದೆ ಇಟ್ಟದ್ದು ಅಡುಗೆಮನೆಯ ಡಬ್ಬಿ ಮಾತ್ರ. ಅವರು ಸಿಟಿ ಸ್ಕ್ಯಾನ್ ಮಾಡಿಸಿ, ಬಿದ್ದ ಪೆಟ್ಟಿಗೆ ಮಿದುಳಿನಲ್ಲಿ ರಕ್ತಸ್ರಾವ ಆಗಿಲ್ಲ, ಪಾರ್ಶ್ವವಾಯು ಅಲ್ಲ ಎಂದು ನೋಡಿದ್ದರು. ಮೂತ್ರದ ಸೋಂಕು ಇರಲಿಲ್ಲ. ಥಯಾಜೈಡನ್ನು ನಿಲ್ಲಿಸಿದ್ದರು. ಆದರೆ ಸೊಸೆ ರಾತ್ರಿ ಯಾರಿಗೂ ಕಾಣದ ಹಾಗೆ ನನ್ನ ಮಾತ್ರೆ ಕೊಡಲು ಪರ್ಸಿನಲ್ಲಿಟ್ಟುಕೊಂಡು ಬಂದಿದ್ದರು, ತಪ್ಪಿಸಬಾರದು ಎಂದು ನಾನೇ ಹೇಳಿದ್ದೆನಲ್ಲ. ಅದನ್ನು ಇವತ್ತಿಗೂ ನೆನೆದರೆ ನನಗೆ ಕೈ ತಣ್ಣಗಾಗುತ್ತದೆ. ಮೊಮ್ಮಗಳ ಫೋನ್ ಬಾರದೇ ಹೋಗಿದ್ದರೆ ಆ ರಾತ್ರಿಯ ಮಾತ್ರೆಯೂ ಹೋಗುತ್ತಿತ್ತು. ಯಾವ ಹುಡುಗಿಯ ಮದುವೆಗಾಗಿ ಮನೆಯವರು ಗುಟ್ಟು ಮಾಡಿದ್ದರೋ ಆ ಹುಡುಗಿಯೇ ಗುಟ್ಟು ಮುರಿದಳು.

ನಾನು ಆಸ್ಪತ್ರೆಯ ವೈದ್ಯರೊಂದಿಗೆ ಮಾತಾಡಿದೆ. ಎಸಿಟಲೋಪ್ರಾಮ್ ನಿಂತಿತು. ಅಲ್ಪ್ರಾಜೋಲಾಮನ್ನು ಮಾತ್ರ ನಿಲ್ಲಿಸಬೇಡಿ ಎಂದು ಕೇಳಿಕೊಂಡೆ. ನಾಲ್ಕು ತಿಂಗಳ ಅಭ್ಯಾಸವನ್ನು ಒಮ್ಮೆಗೇ ಕಿತ್ತರೆ ಅದರಿಂದಲೂ ಗೊಂದಲ, ಫಿಟ್ಸ್ ಬರಬಹುದು. ಸೋಡಿಯಂ ಏರಿಸುವುದೂ ನಾಜೂಕಿನ ಕೆಲಸ. ಇಳಿದಿದೆ ಎಂದು ಉಪ್ಪು ನೀರು ಸುರಿಯುವ ಹಾಗಿಲ್ಲ. ದಿನವೊಂದಕ್ಕೆ 8ರಿಂದ 10ಕ್ಕಿಂತ ಹೆಚ್ಚು ಏರಿದರೆ ಮಿದುಳಿನ ನರಗಳ ಹೊದಿಕೆಗೇ ಹಾನಿಯಾಗಬಹುದು, ಅದು ವಾಸಿಯಾಗದೆಯೂ ಉಳಿಯಬಹುದು. ಅವರು ಬಹಳ ಎಚ್ಚರದಿಂದ ಮಾಡಿದರು. ಮರುದಿನ 126, ಅದರ ಮರುದಿನ 131. ಮೂರನೇ ದಿನ ಬೆಳಿಗ್ಗೆ ಅಮ್ಮ ಕಣ್ಣು ಬಿಟ್ಟು, ತಾನು ಎಲ್ಲಿದ್ದೇನೆ ಎಂದು ಕೇಳಿದರು. ಗಂಡ ಇಲ್ಲ ಎಂಬುದು ಅವರಿಗೆ ಎರಡನೇ ಸಲ ನೆನಪಾದ ಬೆಳಿಗ್ಗೆಯೂ ಅದೇ. ಆರನೇ ದಿನ 134ಕ್ಕೆ ಮನೆಗೆ ಬಂದರು. ಬಿಪಿಗೆ ಎಚ್ ಇಲ್ಲದ ಮಾತ್ರೆ ಬರೆದುಕೊಟ್ಟಿದ್ದರು.

ಮಗ ಬಂದು ನನ್ನೆದುರು ಕೂತಾಗ ಸಿಟ್ಟಿನಲ್ಲಿದ್ದರು. "ಮನಸ್ಸಿನ ಮಾತ್ರೆ ಕೊಟ್ಟು ಅಮ್ಮನಿಗೆ ತಲೆ ಕೆಡಿಸಿದಿರಿ. ಇನ್ನು ಬೇಡ." ಆ ಸಿಟ್ಟು ನ್ಯಾಯವಾದದ್ದೇ ಆಗಿತ್ತು. ನಾನು ಸೋಡಿಯಂ ಬರೆಯದೇ ಹೋದದ್ದನ್ನೂ, ಬಿಪಿ ಮಾತ್ರೆಯನ್ನು ಕೆದಕಿ ಕೇಳದೇ ಹೋದದ್ದನ್ನೂ ಹೇಳಿದೆ. ಅವರು ಮುಚ್ಚಿಟ್ಟದ್ದನ್ನು ನಾನು ಎತ್ತಲಿಲ್ಲ. ಅವರೇ ಎತ್ತಿದರು, ಸುಮಾರು ಹೊತ್ತಿನ ಮೇಲೆ.

ಕಷ್ಟದ ಪ್ರಶ್ನೆ ಮುಂದಿತ್ತು. ಖಿನ್ನತೆ ಎಲ್ಲೂ ಹೋಗಿರಲಿಲ್ಲ. ಅಮ್ಮ ಮತ್ತೆ ಮೂರು ಗಂಟೆಗೆ ಏಳುತ್ತಿದ್ದರು, ತೂಕ 45. ಒಂದು ಮಾತ್ರೆಯಿಂದ ಪೆಟ್ಟು ಬಿತ್ತೆಂದು ಚಿಕಿತ್ಸೆಯನ್ನೇ ಬಿಟ್ಟರೆ ಆ ಗಂಜಿ, ಆ ಕತ್ತಲೆ, ತನ್ನಿಂದಲೇ ಗಂಡ ಸತ್ತ ಎಂಬ ಆ ಯೋಚನೆಯೇ ಅವರನ್ನು ಒಯ್ಯುತ್ತಿತ್ತು. ಮಾತಿನ ಚಿಕಿತ್ಸೆ ಮಾತ್ರ ಸಾಲುವ ಹಂತ ದಾಟಿತ್ತು, ಎರಡು ವಾಕ್ಯ ಕೇಳಿ ಮೂರನೆಯದಕ್ಕೆ ಅವರ ಗಮನ ಜಾರುತ್ತಿತ್ತು. ಎರಡು ವಾರ ಕಾದು, ಸೋಡಿಯಂ 138 ಬಂದ ಮೇಲೆ, ಮಿರ್ಟಜಪಿನ್ 7.5 ಮಿಲಿಗ್ರಾಂ ರಾತ್ರಿಗೆ ಕೊಡೋಣ ಅಂದೆ. ಅದು ಬೇರೆ ಬಗೆಯ ಮಾತ್ರೆ. ಸೋಡಿಯಂ ಇಳಿಸುವ ಅಪಾಯ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ನಿದ್ರೆ ತರುತ್ತದೆ, ಹಸಿವು ಹೆಚ್ಚಿಸುತ್ತದೆ. ತೂಕ ಏರಬಾರದವರಿಗೆ ತೊಂದರೆಯಾಗುವ ಈ ಗುಣವೇ ಅಮ್ಮನಿಗೆ ಬೇಕಾಗಿತ್ತು. ಒಂದನೇ, ಎರಡನೇ, ನಾಲ್ಕನೇ ವಾರಕ್ಕೆ ಸೋಡಿಯಂ ಪರೀಕ್ಷೆ ಎಂದು ದಿನಾಂಕ ಹಾಕಿಯೇ ಬರೆದುಕೊಟ್ಟೆ.

ಮಗ ಒಪ್ಪಲು ಇನ್ನೂ ಐದು ದಿನ ಹಿಡಿಯಿತು. ಒಪ್ಪಿಸಿದ್ದು ನಾನಲ್ಲ, ಅಮ್ಮನೇ. "ಮತ್ತೊಂದ್ ಸಲ ಕಾಂಬ" ಅಂದರಂತೆ.

ಮೊದಲ ಮೂರು ವಾರ ಬೆಳಿಗ್ಗೆ ಮಂಪರು ಹೆಚ್ಚಿತ್ತು. ರಾತ್ರಿ ಎದ್ದರೆ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು ಆಮೇಲೆ ನಿಲ್ಲಿ, ಬಾತ್‌ರೂಮಿನ ದೀಪ ಆರಿಸಬೇಡಿ ಅಂದಿದ್ದೆ. ನಿದ್ರೆ ಬಂದ ಮೇಲೆ ಅಲ್ಪ್ರಾಜೋಲಾಮನ್ನು ಆರು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡಿಸಿದೆವು. ಮಿರ್ಟಜಪಿನ್ 15ಕ್ಕೆ ಏರಿತು. ಸೋಡಿಯಂ 136ರಿಂದ ಕೆಳಗೆ ಬರಲಿಲ್ಲ. ಮೊಣಕಾಲು ನೋವಿಗೆ ಯಾರೋ ಟ್ರಮಡಾಲ್ ಕೊಟ್ಟಿದ್ದನ್ನು ಈ ಸಲ ಸೊಸೆ ನುಂಗಿಸುವ ಮೊದಲೇ ಫೋಟೋ ತೆಗೆದು ಕಳಿಸಿದರು. ಬೇಡ ಅಂದೆ. ಖಿನ್ನತೆಯ ಮಾತ್ರೆಗಳ ಜೊತೆ ಅದು ಸೇರಿದರೆ ಮೈ ನಡುಕ, ಜ್ವರ, ಚಡಪಡಿಕೆಯ ಅಪಾಯವಿದೆ, ಫಿಟ್ಸಿನದ್ದೂ ಇದೆ. ಪ್ಯಾರಾಸಿಟಮಾಲ್ ಸಾಕಾಯಿತು.

ಐದನೇ ವಾರ ಸೊಸೆ ಒಳ್ಳೆಯ ಸುದ್ದಿ ಎಂದು ಫೋನ್ ಮಾಡಿದರು. ಅತ್ತೆ ಬೈದರಂತೆ. ಮೀನಿನ ಸಾರಿಗೆ ಹುಳಿ ಸಾಲದು, ಕಾಯಿ ಸರಿ ಅರೆದಿಲ್ಲ ಎಂದು. ಎಂಟು ತಿಂಗಳಲ್ಲಿ ಅಮ್ಮ ಊಟದ ಬಗ್ಗೆ ಆಡಿದ ಮೊದಲ ಮಾತು ಅದು. ಹೇಳುತ್ತಾ ಸೊಸೆ ಅತ್ತರು. ಆ ಹೊತ್ತಿಗೆ ದಿನಕ್ಕೊಂದು ಸಣ್ಣ ಕೆಲಸ ಎಂಬ ಪಟ್ಟಿ ಮಾಡಿದ್ದೆವು: ಒಂದು ದಿನ ತೊಗರಿಬೇಳೆ ಆರಿಸುವುದು, ಒಂದು ದಿನ ಕೆಳಗಿಳಿದು ಗೇಟಿನವರೆಗೆ ಹೋಗಿ ಬರುವುದು, ಆಮೇಲೆ ಭಜನೆಗೆ ಅರ್ಧ ಗಂಟೆ. ಜೀರಿಗೆ ಕಷಾಯದ ವಿಷಯ ಮಾತಾಡಲು ಅವರು ತಯಾರಾದದ್ದೂ ಆಗಲೇ. ಮೂರು ಸಲ ಕೂತು ಅದೊಂದನ್ನೇ ಮಾತಾಡಿದೆವು. ಎಂಟನೇ ವಾರಕ್ಕೆ ಪಿಎಚ್‌ಕ್ಯೂ 9, ಹನ್ನೆರಡನೇ ವಾರಕ್ಕೆ 4.

ಆರಾಮಾದ ಕೂಡಲೇ ಬಿಡುವ ಮಾತು ಬಂತು. ಊರಿನಿಂದ ಬಂದ ಒಬ್ಬರು "ಇದು ಚಟ ಆಗ್ತದೆ" ಅಂದಿದ್ದರು. ಚಟದ ಭಯ ಇರಬೇಕಾದ್ದು ಅಲ್ಪ್ರಾಜೋಲಾಮಿನಂಥ ಮಾತ್ರೆಗೆ. ಅದಕ್ಕೇ ಮೆಡಿಕಲ್‌ನವರು ಅಂಥ ಮಾತ್ರೆಯ ಮಾರಾಟವನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮ 2014ರಿಂದ ಇದೆ. ಖಿನ್ನತೆಯ ಮಾತ್ರೆಗೆ ಮನಸ್ಸು ಹಾತೊರೆಯುವುದಿಲ್ಲ, ಪ್ರಮಾಣ ಏರಿಸುತ್ತಾ ಹೋಗಬೇಕು ಅನ್ನಿಸುವುದಿಲ್ಲ. ಆದರೆ ದೇಹ ಅದಕ್ಕೆ ಒಗ್ಗಿಕೊಂಡಿರುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡು ದಿಢೀರನೆ ಬಿಟ್ಟರೆ ತಲೆಸುತ್ತು, ಕಿರಿಕಿರಿ, ನಿದ್ರೆಗೇಡು ಬರಬಹುದು, ಕೆಲವು ಮಾತ್ರೆಗಳಲ್ಲಿ ತಲೆಯೊಳಗೆ ಶಾಕ್ ಹೊಡೆದ ಹಾಗೆ ಆಗುತ್ತದೆ. ಮೊದಲ ಸಲದ ಖಿನ್ನತೆಗೆ, ಪೂರ್ತಿ ಆರಾಮಾದ ದಿನದಿಂದ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುವುದು ಕ್ರಮ. ಅಮ್ಮನಿಗೆ ಒಂಬತ್ತು ಎಂದು ಗೊತ್ತುಮಾಡಿದೆವು.

ಗಂಡನ ವರ್ಷಾಂತಿಕಕ್ಕೆ ಅವರು ಊರಿಗೆ ಹೋದರು. ಹೊರಡುವ ಹಿಂದಿನ ವಾರ ಒಂದು ಸ್ಟೀಲ್ ಡಬ್ಬಿಯೊಂದಿಗೆ ಬಂದು ಎಲ್ಲವನ್ನೂ ನನ್ನ ಮೇಜಿನ ಮೇಲೆ ಸುರಿದರು: ಬಿಪಿಯದ್ದು, ನನ್ನದು, ಪ್ಯಾರಾಸಿಟಮಾಲ್, ತ್ರಿಫಲಾ ಚೂರ್ಣ, ಮೊಣಕಾಲಿನ ಎಣ್ಣೆ ಕೂಡ. ಒಂದು ಕಾಗದದ ಮೇಲೆ ಮೊಮ್ಮಗಳು ಕನ್ನಡದಲ್ಲಿ ಎಲ್ಲದರ ಹೆಸರು, ಹೊತ್ತು ಬರೆದಿದ್ದಳು, ಅಡಿಯಲ್ಲಿ ನನ್ನ ನಂಬರು, ಅದರ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416. ಅಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಟ್ರೇನಿನಲ್ಲಿ ಒಂದು ಬ್ಯಾಗ್ ಕಳೆದುಹೋದರೂ ಮಾತ್ರೆ ತಪ್ಪಬಾರದೆಂದು ಎರಡು ಕಡೆ ಹಂಚಿಟ್ಟಿದ್ದರು. ಮಾತ್ರೆಯ ವಿಷಯವನ್ನು ಹುಡುಗನ ಮನೆಯವರಿಗೆ ಮಗನೇ ಹೇಳಿದರು, ಮಾತುಕತೆಯ ದಿನವೇ. ಆ ಸಂಬಂಧ ಕೂಡಿಬಂದಿದೆ.

ಈಗ ಇಳಿಸುವ ಹಂತದಲ್ಲಿದ್ದೇವೆ. 15 ಇದ್ದದ್ದು 7.5ಕ್ಕೆ ಬಂದು ಐದು ವಾರ. ತೂಕ 53. ಹೋದ ವಾರ ಬಂದಾಗ, ನಾನು ಪೆನ್ನು ತೆಗೆಯುವ ಮೊದಲೇ ಅಮ್ಮ ಕೇಳಿದರು: "ಡಾಕ್ಟ್ರೇ, ಈ ಸಲ ಉಪ್ಪಿನ ಟೆಸ್ಟ್ ಬರೀಲಿಲ್ಲ ಅಲ್ದಾ?"

ಬರೆದೆ. 139 ಬಂತು.